ಹಿಂದಿನ ಸೀಟು

ಶಾಕ್ ಅಬ್ಸಾರ್ಬರ್ ಅನ್ನೋ ಹೆಸರೇ ಒಂದು ತಪ್ಪು ತಿಳಿವಳಿಕೆ. ರಸ್ತೆಯ ಗುಂಡಿ ಕೊಡುವ ಪೆಟ್ಟನ್ನು ಮೊದಲು ತಿನ್ನೋದು ಸ್ಪ್ರಿಂಗು. ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಅದು ಕುಗ್ಗಿ ಆ ಪೆಟ್ಟನ್ನು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆದರೆ ಸ್ಪ್ರಿಂಗಿಗೆ ಏನನ್ನೂ ಇಟ್ಟುಕೊಂಡು ಗೊತ್ತಿಲ್ಲ. ತಗೊಂಡಿದ್ದನ್ನು ಹೆಚ್ಚುಕಮ್ಮಿ ಪೂರ್ತಿ ವಾಪಸ್ ಕೊಡುತ್ತದೆ, ಗಾಡಿ ಮೇಲೇಳುತ್ತದೆ, ಕೆಳಗಿಳಿಯುತ್ತದೆ, ಮತ್ತೆ ಮೇಲೇಳುತ್ತದೆ. ಆ ಕುಣಿತಕ್ಕೆ ಒಂದು ಕೊನೆ ಹಾಡೋದು ಶಾಕ್ ಅಬ್ಸಾರ್ಬರಿನ ಕೆಲಸ. ಒಳಗೆ ಎಣ್ಣೆ, ಎಣ್ಣೆಯೊಳಗೆ ಒಂದು ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತುಗಳು. ಎಣ್ಣೆ ಆ ತೂತುಗಳಲ್ಲಿ ತಿಣುಕಾಡಿ ಹಾಯುವಾಗ ಕುಣಿತವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ತಾಸುಗಟ್ಟಲೆ ಓಡಿಸಿ ನಿಲ್ಲಿಸಿ ಮುಟ್ಟಿ ನೋಡಿದರೆ ಕೈಗೆ ಬಿಸಿ ತಾಗುತ್ತದೆ. ಇಂಗ್ಲೆಂಡಿನವರು ಇದಕ್ಕೆ ಡ್ಯಾಂಪರ್ ಅಂತಾರೆ, ಅದು ಸ್ವಲ್ಪ ನಿಜಕ್ಕೆ ಹತ್ತಿರದ ಹೆಸರು. ನಮ್ಮ ಬಾಗಲಕೋಟೆ ಕಡೆ ಗ್ಯಾರೇಜುಗಳಲ್ಲಿ ‘ಶಾಕಪ್ಸರ್’.

ಈ ಶಾಕಪ್ಸರಿನ ವಿಶೇಷ ಏನಂದ್ರೆ ಅದು ಹೇಳಿ ಸಾಯೋದಿಲ್ಲ. ಟೈರು ಪಂಕ್ಚರ್ ಆದರೆ ಗೊತ್ತಾಗುತ್ತದೆ. ಬ್ಯಾಟರಿ ಒಂದು ಬೆಳಗ್ಗೆ ಮುನಿಸಿಕೊಂಡು ಕೂರುತ್ತದೆ. ಶಾಕಪ್ಸರ್ ಹಾಗಲ್ಲ. ಸೀಲು ಕೂದಲೆಳೆಯಷ್ಟು ಸವೆಯುತ್ತದೆ, ಎಣ್ಣೆ ಜಿನುಗುತ್ತದೆ, ಜಿನುಗಿದ ಎಣ್ಣೆಗೆ ಧೂಳು ಮೆತ್ತಿಕೊಳ್ಳುತ್ತದೆ. ಹತ್ತಾರು ಸಾವಿರ ಕಿಲೋಮೀಟರ್ ಉದ್ದಕ್ಕೂ ಇದು ನಡೆಯುತ್ತಿರುತ್ತದೆ. ಅಷ್ಟರಲ್ಲಿ ಓಡಿಸುವವರ ಕೈ ಕಾಲು ಸೊಂಟ ಎಲ್ಲ ಹೊಸ ಲೆಕ್ಕಕ್ಕೆ ಹೊಂದಿಕೊಂಡಿರುತ್ತವೆ. ನಿನ್ನೆಗಿಂತ ಇವತ್ತು ಗಾಡಿ ಕೆಟ್ಟಿದೆ ಅಂತ ಯಾವ ದಿನವೂ ಅನ್ನಿಸುವುದಿಲ್ಲ, ಯಾಕಂದ್ರೆ ಒಂದು ದಿನದ ವ್ಯತ್ಯಾಸ ಅನ್ನಿಸುವಷ್ಟು ಇರೋದೇ ಇಲ್ಲ. (ಬಿಸಿನೀರಿನ ಕಪ್ಪೆಯ ಕಥೆ ನೆನಪಾಗಿದ್ದರೆ ಬಿಟ್ಟುಬಿಡಿ. ನೀರು ಕಾಯುತ್ತಾ ಹೋದರೆ ಕಪ್ಪೆ ಹಾರಿ ಹೊರಗೆ ಬರುತ್ತದೆ. ಕೂತಿರೋದು ನಾವು.)

ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲಿ ಮಿಲೇಟಸ್ಸಿನ ಯೂಬುಲಿಡೀಸ್ ಅನ್ನೋ ಗ್ರೀಕ್ ತಾರ್ಕಿಕನ ಹೆಸರಿನಲ್ಲಿ ಒಂದು ಒಗಟು ಬಂದಿದೆ. ಅದನ್ನು ನಮ್ಮ ಕಣಕ್ಕೆ ತಂದು ಹೇಳುತ್ತೇನೆ. ಕಣದಲ್ಲಿ ಜೋಳದ ರಾಶಿ ಇದೆ. ಒಂದು ಕಾಳು ತೆಗೆದರೆ ಅದು ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೆಗೆದರೂ ಅಷ್ಟೇ. ಹೀಗೆ ತೆಗೆಯುತ್ತ ಹೋದರೆ ಯಾವ ಕಾಳಿಗೆ ರಾಶಿ ರಾಶಿಯಲ್ಲದಾಯಿತು? ತರ್ಕದವರು ಎರಡು ಸಾವಿರ ವರ್ಷದಿಂದ ಇದರ ಮೇಲೆ ಜಗಳಾಡ್ತಿದ್ದಾರೆ. ನನಗೆ ಅದರ ತರ್ಕಕ್ಕಿಂತ ಅದರ ನೈತಿಕ ಬಾಲ ಕಾಡುತ್ತದೆ. ಹಿಡಿಯಲಿಕ್ಕೆ ಒಂದು ದಿನವೇ ಸಿಗದಷ್ಟು ನಿಧಾನವಾಗಿ ಒಂದು ವಸ್ತು ಕೆಟ್ಟರೆ, ಅದರಿಂದ ಇನ್ನೊಬ್ಬರಿಗೆ ನೋವಾದರೆ, ‘ನನಗೆ ಗೊತ್ತೇ ಆಗ್ಲಿಲ್ಲ’ ಅನ್ನೋ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಅದು ಸುಳ್ಳಲ್ಲ, ನಿಜವೇ. ಆದರೆ ನಿಜವಾದ ಮಾತ್ರಕ್ಕೆ ಸಾಕಾ?

ನಾನು ಇದನ್ನು ಪುಸ್ತಕದಲ್ಲಿ ಓದಿ ಕೇಳ್ತಿಲ್ಲ. ಶಿರೂರಿನಲ್ಲಿರುವ ನಮ್ಮ ಕಾಕಾನ ಗಾಡಿಯಿಂದ ಬಂದ ಪ್ರಶ್ನೆ ಇದು.

ಗಾಡಿ ಫೋರ್ಡ್ ಐಕಾನ್, 1.6 ಪೆಟ್ರೋಲ್, 2002ರದ್ದು, ಕೆಎ 29. ಈಗಿನ ಹುಡುಗರಿಗೆ ಇದರಲ್ಲೇನು ಸ್ಪೋರ್ಟ್ಸ್ ಕಾರು ಅನ್ನಿಸಬಹುದು. ಆ ಕಾಲಕ್ಕೆ ಹೋಗಿ ನೋಡಿ. ನಮ್ಮ ರಾಜ್ಯದ್ದೇ ಸ್ಪೋರ್ಟಿ ಗಾಡಿ ಬೇಕು ಅಂದ್ರೆ ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಸಿಪಾನಿ ಡಾಲ್ಫಿನ್ ಇತ್ತು. ಫೈಬರ್ ಗ್ಲಾಸ್ ಮೈ, 848 ಸಿಸಿ ಎಂಜಿನ್, ರ‍್ಯಾಲಿಗಳಲ್ಲಿ, ಶೋಲಾವರಂ ರೇಸುಗಳಲ್ಲಿ ಹೆಸರು ಮಾಡಿ, ಮಾರುಕಟ್ಟೆಯಲ್ಲಿ ಮಾರುತಿಯ ಮುಂದೆ ಸೋತಿತು. 1999ರಲ್ಲಿ ಚೆನ್ನೈ ಹತ್ತಿರದ ಮರೈಮಲೈ ನಗರದ ಕಾರ್ಖಾನೆಯಿಂದ ಐಕಾನ್ ಹೊರಬಂದಾಗ ಅದರ ಜಾಹೀರಾತೇ ‘ಜೋಶ್ ಮಷೀನ್’ ಅಂತಿತ್ತು. 1.6ರಲ್ಲಿ ತೊಂಬತ್ತಕ್ಕಿಂತ ಒಂದಿಷ್ಟು ಹೆಚ್ಚು ಅಶ್ವಶಕ್ತಿ. ಸ್ಟೀರಿಂಗ್ ತಿರುಗಿಸಿದರೆ ಗಾಡಿ ಮಾತು ಕೇಳುತ್ತಿತ್ತು. ಜೀಪು, ಟ್ರ್ಯಾಕ್ಸ್, ಅಂಬಾಸಿಡರ್ ನೋಡಿದ ಊರಿಗೆ ಅದು ಸ್ಪೋರ್ಟ್ಸ್ ಕಾರೇ. ಕಾಕಾ ಅದರಲ್ಲಿ ಬಾಗಲಕೋಟೆಗೆ ಹೋಗಿ ಬಂದರೆ ಓಣಿಯ ಹುಡುಗರು ಬಾನೆಟ್ಟು ಮುಟ್ಟಿ ನೋಡುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು.

ಖಾಸಗಿ ಕಾರಿಗೆ ಆರ್‌ಸಿ ಹದಿನೈದು ವರ್ಷ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ. ಕಾಕಾ 2017ರಲ್ಲಿ ಮಾಡಿಸಿದರು, 2022ರಲ್ಲಿ ಮತ್ತೆ ಮಾಡಿಸಿದರು. ಎಂಜಿನ್ ಆಯಿಲ್ ತಪ್ಪಿಸಿದವರಲ್ಲ. ವಾರಕ್ಕೊಮ್ಮೆ ತಾವೇ ತೊಳೆಯುತ್ತಾರೆ. ಇದನ್ನು ಮೊದಲೇ ಹೇಳ್ತಿದ್ದೀನಿ, ಯಾಕಂದ್ರೆ ಮುಂದಿನದು ಓದಿ ನೀವು ಅವರನ್ನು ಬೇಜವಾಬ್ದಾರಿ ಮನುಷ್ಯ ಅಂದುಕೊಳ್ಳಬಾರದು.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಇಳಕಲ್ಲಿನಲ್ಲಿ ಸಂಬಂಧಿಕರ ಮನೆಯಲ್ಲಿ ಒಂದು ಕಾರ್ಯ. ಇಳಕಲ್ಲು ನಮ್ಮ ಕಾಕುವಿನ ತವರು. ಮುಂದಿನ ಸೀಟಿನಲ್ಲಿ ಹಿರಿಯರೊಬ್ಬರು ಕೂತಿದ್ದರಿಂದ ನಾನು ಕಾಕು ಜೊತೆ ಹಿಂದೆ. ಶಿರೂರು ಬಿಟ್ಟು ಅಮೀನಗಡ ಮುಟ್ಟುವ ಹೊತ್ತಿಗೆ ನನ್ನ ಬೆನ್ನಿಗೆ ಸಮಾಚಾರ ತಲುಪಿತ್ತು. ಒಂದು ಹಂಪು ದಾಟಿದರೆ ಹಿಂಭಾಗ ಮೂರು ಸಲ, ನಾಲ್ಕು ಸಲ ಎದ್ದು ಕೂರುತ್ತಿತ್ತು. ಕೊನೆಯ ಸಲ ಕೆಳಗೆ ‘ಧಡ್’ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು, ಹತ್ತಿದ್ದೇ ಗೊತ್ತಾಗದ ಹಾಗೆ ಇಳಿಜಾರಾಗಿ. ನಮ್ಮ ಹಳ್ಳಿಗಳ ಹಂಪು ನೋಡಿದವರಿಗೆ ಗೊತ್ತು, ಅಲ್ಲಿ ಮಲಗಿರೋದು ಒಂದು ದಿಂಡು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಾಕು ಕೂತ ರೀತಿ. ಅಡಿಯಲ್ಲಿ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಕಿಕೊಂಡಿದ್ದರು. ಎಡಗೈ ಬಾಗಿಲ ಮೇಲಿನ ಹಿಡಿಯಲ್ಲಿ, ಬಲಗೈ ಮುಂದಿನ ಸೀಟಿನ ಬೆನ್ನಿಗೆ. ಪ್ರತಿ ಹಂಪಿಗೂ ಒಂದು ಕ್ಷಣ ಮುಂಚೆ, ನನಗಿನ್ನೂ ಹಂಪು ಕಾಣುವ ಮೊದಲೇ, ಅವರು ಸೀಟಿನಿಂದ ಎರಡು ಬೆರಳಷ್ಟು ಮೇಲೇಳುತ್ತಿದ್ದರು. ಕುಣಿತವೆಲ್ಲ ಮುಗಿದ ಮೇಲೆ ನಿಧಾನಕ್ಕೆ ಕೂರುತ್ತಿದ್ದರು. ಮಾತು ನಿಲ್ಲಿಸುತ್ತಿರಲಿಲ್ಲ. ಶೇಂಗಾ ಹೋಳಿಗೆ ಹೆಂಗ ಮಾಡೂದು ಅಂತ ಹೇಳುತ್ತ ಹೇಳುತ್ತಲೇ ಎದ್ದು, ಹೇಳುತ್ತಲೇ ಕೂತರು. ಆ ದಾರಿಯ ಹಂಪುಗಳೆಲ್ಲ ಅವರ ಮೈಗೆ ಬಾಯಿಪಾಠ. ಎಣ್ಣೆ ಹೋದ ಶಾಕಪ್ಸರಿನ ಕೆಲಸವನ್ನು ಅರವತ್ತೆರಡು ವರ್ಷದ ಹೆಣ್ಣುಮಗಳ ತೊಡೆ, ರಟ್ಟೆ ಮಾಡುತ್ತಿದ್ದವು.

“ಕಾಕೂ, ಬೆನ್ನು ನೋಯಂಗಿಲ್ಲೇನ?” ಅಂದೆ.

“ನನಗೇನ್ ತ್ರಾಸಿಲ್ಲವಾ. ರೂಢಿ ಆಗೇತಿ.”

ಇಳಕಲ್ಲಿನಲ್ಲಿ ಅವರ ಅಣ್ಣನ ಹೆಂಡತಿ ಹೇಳಿದ ಮಾತಿನಿಂದ ಉಳಿದದ್ದು ಗೊತ್ತಾಯಿತು. ಕಾಕು ತವರಿಗೆ ಬಂದು ಒಂದೂವರೆ ವರ್ಷ ಆಗಿತ್ತಂತೆ. ಮೊದಲು ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ತಪ್ಪಿಸಿದವರಲ್ಲ, ಎರಡು ವರ್ಷದಿಂದ ಅದಕ್ಕೂ ಇಲ್ಲ. ಕೂಡಲಸಂಗಮಕ್ಕೆ ಕರೆದರೆ ‘ಮನ್ಯಾಗ ಕೆಲಸ ಐತಿ’. ಗುಳೇದಗುಡ್ಡಕ್ಕೆ ಖಣ ತರೋಣ ಬಾ ಅಂದರೆ ‘ನೀವ ತರ್ರಿ, ನಿಮಗ ಗೊತ್ತೈತಲ್ಲ’. ಮನೆಯಲ್ಲಿ ಎಲ್ಲರೂ ಇದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಕಾಕಾ ಅಂತೂ “ಆಕಿಗೆ ಈಗೀಗ ಮನೀನ ಸೇರತೈತಿ” ಅಂತ ಪ್ರೀತಿಯಿಂದಲೇ ಹೇಳುತ್ತಿದ್ದರು.

ಎಲ್ಲದಕ್ಕೂ ಗಾಡಿಯೇ ಕಾರಣ ಅಂತ ನಾನು ಹೇಳೋದಿಲ್ಲ. ಮನುಷ್ಯರು ಮನೆ ಬಿಟ್ಟು ಹೊರಡದಿರಲು ನೂರು ಕಾರಣ. ಆದರೆ ಆ ನೂರರಲ್ಲಿ ಒಂದಕ್ಕೆ ನಾಲ್ಕು ಬೋಲ್ಟು ಇದ್ದವು.

ಬಾಗಲಕೋಟೆ ನವನಗರದಲ್ಲಿ ಕಾಕಾನ ಖಾಯಂ ಗ್ಯಾರೇಜಿದೆ. ಮಿಸ್ತ್ರಿ ಹಳೇ ಬಾಗಲಕೋಟೆಯವರು. ಮುಳುಗಡೆಯಲ್ಲಿ ಗ್ಯಾರೇಜಿನ ಜಾಗ ಹೋದ ಮೇಲೆ ಇಲ್ಲಿಗೆ ಬಂದವರು. ನಾನು ಒತ್ತಾಯ ಮಾಡಿ ಕಾಕಾನನ್ನು ಕರಕೊಂಡು ಹೋದೆ. “ಗಾಡಿ ಚಲೋನ ಐತಿ, ನಮ್ಮ ಹುಡುಗಿ ಬೆಂಗಳೂರಿನ ಕ್ಯಾಬಿನ್ಯಾಗ ಅಡ್ಡಾಡಿ ನಾಜೂಕ ಆಗ್ಯಾಳ” ಅಂತ ಕಾಕಾ ಶುರು ಮಾಡಿದರು. ಮಿಸ್ತ್ರಿ ಏನೂ ಹೇಳದೆ ಡಿಕ್ಕಿಯ ಮೂಲೆ ಹಿಡಿದು ಭಾರ ಹಾಕಿ ಒತ್ತಿ ಬಿಟ್ಟರು. ಚೆನ್ನಾಗಿದ್ದರೆ ಗಾಡಿ ಒಮ್ಮೆ ಮೇಲೆದ್ದು ತನ್ನ ಜಾಗದಲ್ಲಿ ನಿಲ್ಲಬೇಕು. ಇದು ತೊಟ್ಟಿಲ ಹಾಗೆ ಆಡಿತು. ಈ ಪರೀಕ್ಷೆ ಕೂಡ ಪೂರ್ತಿ ಸತ್ತದ್ದನ್ನು ಮಾತ್ರ ತೋರಿಸುತ್ತದಂತೆ. ಅರ್ಧ ಸತ್ತವು ಇದರಲ್ಲಿ ಪಾಸಾಗಿ ಬಿಡುತ್ತವೆ. ಗಾಡಿ ಎತ್ತಿ ತೋರಿಸಿದರು: ಹಿಂದಿನ ಎರಡೂ ಶಾಕಪ್ಸರ್ ಎಣ್ಣೆ ಉಗುಳಿ ಕೆಸರು ಕಟ್ಟಿದ್ದವು. ಮುಂದಿನದರಲ್ಲಿ ಒಂದು ಒದ್ದೆ. ಲೋವರ್ ಆರ್ಮಿನ ಬುಷ್ಷುಗಳು ಒಣಗಿದ ರೊಟ್ಟಿಯ ಹಾಗೆ ಬಿರಿದಿದ್ದವು, ಲಿಂಕ್ ರಾಡುಗಳು ಕೈಯಲ್ಲಿ ಅಲುಗುತ್ತಿದ್ದವು.

ಕಾಕಾ ಇನ್ನೂ ಒಪ್ಪಿರಲಿಲ್ಲ. “ಓಡ್ಸೂವಾಗ ನನಗೇನೂ ಅನಸಂಗಿಲ್ಲಲ್ರೀ.”

“ಅನಸಂಗಿಲ್ಲ ಸಾಹೇಬ್ರ,” ಅಂದರು ಮಿಸ್ತ್ರಿ. “ಚಾವಿ ಕೊಡ್ರಿ. ನೀವು ಹಿಂದ ಕುಂದರ್ರಿ.”

ಹದಿನಾರೋ ಹದಿನೇಳೋ ವರ್ಷದ ಮೇಲೆ, ಕಾಕಾ ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕೂತರು. ಕೂರುವ ಮೊದಲು ಬಾಗಿಲ ಹತ್ತಿರ ಒಂದು ಕ್ಷಣ ನಿಂತಿದ್ದು ನೆನಪಿದೆ, ಯಾರದೋ ಮನೆಗೆ ಬಂದವರ ಹಾಗೆ. ಮಿಸ್ತ್ರಿ ನವನಗರದ ಆಚೆ ಹಂಪಿರುವ ರಸ್ತೆಗೆ ತಿರುಗಿಸಿ, ಕಾಕಾ ಓಡಿಸುವ ವೇಗದಲ್ಲೇ ಓಡಿಸಿದರು. ಇದರಲ್ಲಿ ಮಿಸ್ತ್ರಿಯ ಮ್ಯಾಜಿಕ್ ಏನಿಲ್ಲ, ಗಾಡಿಯ ರಚನೆಯೇ ಹಾಗೆ. ಓಡಿಸುವವರು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಕೂರುತ್ತಾರೆ, ತಕ್ಕಡಿಯ ನಡುಭಾಗದ ಹಾಗೆ ಅಲ್ಲಿ ಏರಿಳಿತ ಕಡಿಮೆ. ಹಿಂದಿನ ಸೀಟು ಹೆಚ್ಚುಕಮ್ಮಿ ಹಿಂದಿನ ಚಕ್ರದ ಮೇಲೇ ಇರುತ್ತದೆ. ಮೇಲಾಗಿ ಓಡಿಸುವವರಿಗೆ ಹಂಪು ಕಾಣುತ್ತದೆ, ಹಿಡಿಯಲು ಸ್ಟೀರಿಂಗ್ ಇರುತ್ತದೆ, ಎಷ್ಟು ಜೋರಾಗಿ ದಾಟಬೇಕು ಅನ್ನೋದನ್ನು ನಿರ್ಧರಿಸುವವರೂ ಅವರೇ. ಒಂದೇ ಗಾಡಿ, ಒಂದೇ ಹಂಪು, ಆದರೆ ಎರಡು ಬೇರೆ ಬೇರೆ ರಸ್ತೆ. ಮೂರನೇ ಹಂಪಿಗೆ ಕಾಕಾನ ತಲೆ ಮೇಲಿನ ಛತ್ತಿಗೆ ತಾಗಿತು. ಗ್ಯಾರೇಜಿಗೆ ಬಂದು ಇಳಿದು, ಟೋಪಿ ತೆಗೆದು, ತಲೆ ಸವರಿಕೊಂಡು, “ಏನೇನ್ ಹಾಕಬೇಕು ಬರದ ಕೊಡ್ರಿ” ಅಂದರು.

ಬರೆದುಕೊಟ್ಟ ಚೀಟಿ ಹಿಡಿದು ಸಾಮಾನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಐಕಾನ್ ನಿಂತು ಅದಕ್ಕೂ ಹತ್ತು ವರ್ಷ ಆಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ಶನಿವಾರ ಅಲೆದೆ. ಒಂದು ಅಂಗಡಿಯಲ್ಲಿ ಹಿಂದಿನ ಜೋಡಿ, ಇನ್ನೊಂದರಲ್ಲಿ ಮುಂದಿನದು, ಮೂರನೆಯ ಅಂಗಡಿಯ ಅಟ್ಟದಿಂದ ಧೂಳು ಕೊಡವಿ ತೆಗೆದ ಸ್ಟ್ರಟ್ ಮೌಂಟು. ಒಂದು ಸವೆದಿದ್ದರೂ ಜೋಡಿಯನ್ನೇ ಬದಲಿಸಬೇಕು. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಆದರೆ ಗಾಡಿ ಬ್ರೇಕಿಗೆ, ತಿರುವಿಗೆ ಎರಡು ಮನಸ್ಸು ಮಾಡುತ್ತದೆ. ಕೂಲಿ ಸೇರಿ ಲೆಕ್ಕ 34 ಸಾವಿರಕ್ಕೆ ಬಂತು. ಗಾಡಿ ಮಾರಿದರೆ ಅಷ್ಟು ಬಂದರೆ ಹೆಚ್ಚು.

ಆಫೀಸಿನಲ್ಲಿ ಇದನ್ನು ಹೇಳಿದಾಗ ಎಲ್ಲರದೂ ಒಂದೇ ಮಾತು: ಗಾಡಿ ಬೆಲೆಗಿಂತ ರಿಪೇರಿ ಜಾಸ್ತಿ, ಇದು ಸೆನ್ಸಿಬಲ್ ಅಲ್ಲ. ಈ ಲೆಕ್ಕದಲ್ಲಿ ನನಗೆ ನಂಬಿಕೆ ಇಲ್ಲ. ಗಾಡಿಯ ಮಾರುಕಟ್ಟೆ ಬೆಲೆ ಅಂದರೆ ಅದನ್ನು ಕೊಳ್ಳುವ ಅಪರಿಚಿತರಿಗೆ ಅದರಿಂದ ಆಗುವ ಉಪಯೋಗದ ಬೆಲೆ. ಕಾಕು ಇಳಕಲ್ಲಿಗೆ ಹೋಗೋದು ಆ ಅಪರಿಚಿತರಿಗೆ ಸಂಬಂಧವಿಲ್ಲ, ಆದ್ದರಿಂದ ಅದು ಆ ಬೆಲೆಯಲ್ಲಿ ಸೇರಿಲ್ಲ. ಇನ್ನೂ ಒಂದು ಮಾತು ಸೇರಿಲ್ಲ. ಸತ್ತ ಶಾಕಪ್ಸರಿನ ಗಾಡಿಯಲ್ಲಿ ಗುಂಡಿ ದಾಟಿದ ಚಕ್ರ ಒಂದಿಷ್ಟು ಹೊತ್ತು ನೆಲ ಬಿಟ್ಟು ಕುಣಿಯುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕು ಹಿಡಿದು ಪ್ರಯೋಜನವಿಲ್ಲ. ಅಂದರೆ ರಸ್ತೆ ದಾಟುತ್ತಿರುವ ಮುದುಕ, ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸೈಕಲ್ಲಿನಲ್ಲಿ ಬರುವ ಹುಡುಗ, ಇವರೆಲ್ಲ ಟಿಕೆಟ್ ಇಲ್ಲದೆ ನಮ್ಮ ಗಾಡಿಯ ಹಿಂದಿನ ಸೀಟಿನಲ್ಲೇ ಕೂತಿದ್ದಾರೆ.

ಸಾಮಾನು ಹೊತ್ತು ಮತ್ತೆ ಊರಿಗೆ ಹೋದೆ. ಕೆಲಸ ಒಂದು ಪೂರ್ತಿ ದಿನ ಹಿಡಿಯಿತು. ತುಕ್ಕು ಹಿಡಿದ ಬೋಲ್ಟು ಬಿಚ್ಚುವುದರಲ್ಲೇ ಮಧ್ಯಾಹ್ನ. ಕುಗ್ಗಿಸಿದ ಸ್ಪ್ರಿಂಗಿನ ಹತ್ತಿರ ಮಿಸ್ತ್ರಿ ಯಾರನ್ನೂ ಬಿಡಲಿಲ್ಲ, ಕ್ಲ್ಯಾಂಪು ಜಾರಿದರೆ ಅದು ಗುಂಡು ಹಾರಿದ ಹಾಗೆ ಹಾರುತ್ತದೆ. ನನಗೆ ಬಹಳ ಹಿಡಿಸಿದ್ದು ಕೊನೆಯ ಕೆಲಸ. ಲೋವರ್ ಆರ್ಮಿನ ಬೋಲ್ಟುಗಳನ್ನು ಗಾಡಿ ಜ್ಯಾಕಿನ ಮೇಲಿರುವಾಗ ಅವರು ಪೂರ್ತಿ ಬಿಗಿ ಮಾಡಲಿಲ್ಲ. ಚಕ್ರ ಹಾಕಿ, ಕೆಳಗಿಳಿಸಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಕೂತ ಮೇಲೆ ಅಡಿಗೆ ಹೋಗಿ ಬಿಗಿ ಮಾಡಿದರು. ಗಾಳಿಯಲ್ಲಿ ತೂಗಾಡುವಾಗ ಬಿಗಿದರೆ ಕೆಳಗಿಳಿದ ಮೇಲೆ ರಬ್ಬರಿನ ಬುಷ್ಷು ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಭಾರ ಎಲ್ಲಿ ಬೀಳುತ್ತದೋ ಅಲ್ಲಿಟ್ಟು ಬಿಗಿ ಮಾಡಬೇಕು. ಇದನ್ನು ಬಹಳ ಜನ ಮಾಡುವುದಿಲ್ಲ, ಗಾಡಿ ಮೇಲಿರುವಾಗ ಪಾನಾ ಆಡಿಸುವುದು ಸುಲಭ ನೋಡಿ.

ಆ ದಿನ ಮಧ್ಯಾಹ್ನ ಚಾ ಕುಡಿಯುತ್ತ ಕಾಕಾ ತಮ್ಮ ಕೇಸು ಮಂಡಿಸಿದರು. “ಆಕಿ ಒಂದ್ ಮಾತ ಹೇಳಬೇಕಿತ್ತಲ್ಲವಾ. ನಾ ಏನ್ ಬ್ಯಾಡ ಅಂತಿದ್ನೇನ? ನನಗ ಗೊತ್ತ ಇರಲಿಲ್ಲ.”

ಅರಿಸ್ಟಾಟಲ್ ಒಂದು ಕಡೆ ಕುಡಿದು ತಪ್ಪು ಮಾಡಿದವರ ವಿಚಾರ ಎತ್ತುತ್ತಾನೆ. ಕುಡಿದಾಗ ಗೊತ್ತಿರಲಿಲ್ಲ ಅನ್ನೋದು ನಿಜ, ಆದರೆ ಆ ಗೊತ್ತಿಲ್ಲದಿರುವಿಕೆಯನ್ನು ತಂದುಕೊಂಡವನು ಅವನೇ, ಅದಕ್ಕೇ ಅವರಿಗೆ ಎರಡು ಪಟ್ಟು ದಂಡ ಇದೆ ಅಂತ. ಕಾಕಾಗೆ ಇದು ಹೊಂದುವುದಿಲ್ಲ. ಅವರು ಏನೂ ಕುಡಿದಿರಲಿಲ್ಲ. ಅವರ ಗೊತ್ತಿಲ್ಲದಿರುವಿಕೆ ದಿನಕ್ಕೆ ಒಂದು ಕಾಳಿನಂತೆ ಬಂತು. ಅನ್ನಿಸದೇ ಇದ್ದದ್ದಕ್ಕೆ ಯಾರನ್ನೂ ತಪ್ಪಿತಸ್ಥರು ಅನ್ನಲಿಕ್ಕಾಗದು, ಇದನ್ನು ನಾನು ಒಪ್ಪುತ್ತೇನೆ. ನನ್ನ ತಕರಾರು ಇರೋದು ಅದರ ಹಿಂದಿನ ಹೆಜ್ಜೆಯಲ್ಲಿ: ಅನ್ನಿಸಿದರೆ ಮಾತ್ರ ನೋಡಬೇಕು ಅನ್ನೋ ಪದ್ಧತಿಯಲ್ಲಿ. ಎಂಜಿನ್ ಆಯಿಲನ್ನು ಕಾಕಾ ಅನ್ನಿಸಿದಾಗ ಬದಲಿಸುವುದಿಲ್ಲ, ಕಿಲೋಮೀಟರ್ ನೋಡಿ ಬದಲಿಸುತ್ತಾರೆ. ಎಂಜಿನ್ ಕೆಟ್ಟರೆ ನಿಲ್ಲುವುದು ಅವರ ಗಾಡಿ. ಶಾಕಪ್ಸರ್ ಕೆಟ್ಟರೆ ನಿಲ್ಲುವುದು ಕಾಕುವಿನ ತವರು. ಒಂದಕ್ಕೆ ಅಳತೆ ಇತ್ತು, ಇನ್ನೊಂದಕ್ಕೆ ಅನಿಸಿಕೆ.

ನಿಧಾನಕ್ಕೆ ಬರುವ ಕೇಡನ್ನು ಅನಿಸಿಕೆಯಿಂದ ಹಿಡಿಯಲಾಗದು ಅನ್ನೋದು ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. ಇಲ್ಲಿ ಹೊಲ ಮನೆ ಇದ್ದವರನ್ನು ಕೇಳಿ ನೋಡಿ, ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರ್ ಅಂತ ದಶಾಂಶದ ಸಮೇತ ಹೇಳುತ್ತಾರೆ. 2010ರಲ್ಲಿ ನ್ಯಾಯಮಂಡಳಿ ಒಪ್ಪಿದ ಎತ್ತರ 524.256 ಅಂತ ಮೂರು ದಶಾಂಶದವರೆಗೆ ಹೇಳುವವರಿದ್ದಾರೆ. ಹಿನ್ನೀರು ಪ್ರವಾಹದ ಹಾಗೆ ನುಗ್ಗಿ ಬರೋದಿಲ್ಲ, ಏರುತ್ತದೆ. ಇವತ್ತು ಹೊಲದ ಬದುವಿಗೆ ಬಂತೋ ಇಲ್ಲವೋ ಅಂತ ಅನ್ನಿಸುವ ತನಕ ಕಾದರೆ ಆಗೋದಿಲ್ಲ, ಅದಕ್ಕೇ ಸಂಖ್ಯೆ ಬಾಯಿಪಾಠ. ಮಿಸ್ತ್ರಿಯೂ ಅಂಥ ಊರಿನವರೇ. ಡಿಕ್ಕಿ ಒತ್ತಿ ಎಣಿಸುವುದು ಅವರಿಗೆ ಸಹಜವಾಗಿ ಬಂದದ್ದು ಅದಕ್ಕೇ ಅಂತ ನನ್ನ ಊಹೆ, ಅತಿಯಾಯಿತು ಅನ್ನಿಸಿದರೆ ಬಿಡಿ.

ಇನ್ನು ಕಾಕು. ಅವರು ಯಾಕೆ ಹೇಳಲಿಲ್ಲ? ರಾತ್ರಿ ಅಡುಗೆಮನೆಯಲ್ಲಿ ಕೇಳಿದೆ. ರೊಟ್ಟಿ ತಟ್ಟುತ್ತಲೇ ಅಂದರು, “ಗಾಡಿಗೆ ಅಂದ್ರ ಅವ್ರಿಗೇ ಅಂದಂಗ ಆಕ್ಕೈತವಾ. ಮತ್ತ ನನಗೂ ಅಷ್ಟೇನ್ ಹೋಗಬೇಕು ಅನಸ್ತಿರಲಿಲ್ಲ.”

ಎರಡನೆಯ ವಾಕ್ಯ ನೋಡಿ. ನೋವಿದ್ದೂ ಹೇಳದೆ ಇದ್ದದ್ದು ಒಂದು ಮಾತು. ಹೋಗುವ ಆಸೆಯೇ ಕಡಿಮೆಯಾದದ್ದು ಇನ್ನೊಂದು. ಅಮರ್ತ್ಯ ಸೇನ್ ಇದರ ಬಗ್ಗೆ ಬಹಳ ಬರೆದಿದ್ದಾರೆ. ಬಹುಕಾಲ ಕೊರತೆಯಲ್ಲಿ ಬದುಕಿದವರು ಸಿಗುವಷ್ಟಕ್ಕೆ ತಮ್ಮ ಆಸೆಯನ್ನೇ ಕತ್ತರಿಸಿಕೊಳ್ಳುತ್ತಾರೆ, ಹಾಗಾಗಿ ‘ನೀವು ಸಂತೋಷವಾಗಿದ್ದೀರಾ’ ಅಂತ ಕೇಳಿ ಬಂದ ಉತ್ತರವನ್ನು ನಂಬಿ ನ್ಯಾಯ ತೀರ್ಮಾನ ಮಾಡಲಾಗದು ಅನ್ನೋದು ಅವರ ವಾದ. ಕಾಕಾ, ಕಾಕು ಇಬ್ಬರೂ ಹೊಂದಿಕೊಂಡರು. ನಮ್ಮಲ್ಲಿ ಹೊಂದಿಕೊಳ್ಳೋದು ದೊಡ್ಡ ಗುಣ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂತ ಬಸ್ಸಿನಲ್ಲಿ ಮೂರನೆಯವರು ಕೂರುವಾಗಿನಿಂದ ಹಿಡಿದು ಮದುವೆಯ ತನಕ. ಆದರೆ ಈ ಇಬ್ಬರ ಹೊಂದಾಣಿಕೆಗೆ ಕೊಟ್ಟ ಬೆಲೆ ನೋಡಿ. ಕಾಕಾಗೆ ಹಿಡಿದ ಖರ್ಚು ಸ್ಟೀರಿಂಗಿನ ಮೇಲೆ ಎರಡು ಬೆರಳಿನ ಹೊಸ ಅಭ್ಯಾಸ. ಕಾಕುಗೆ ಇಳಕಲ್ಲು, ಬನಶಂಕರಿ, ಕೂಡಲಸಂಗಮ. ಇಬ್ಬರನ್ನೂ ಕೇಳಿದರೆ ಒಂದೇ ಉತ್ತರ: ತ್ರಾಸಿಲ್ಲ. ಹಾಗಾಗಿ ಕೇಳೋದಷ್ಟೇ ಸಾಲದು ಅಂತ ನನಗನ್ನಿಸುತ್ತದೆ. ಮಿಸ್ತ್ರಿ ಕಾಕುವನ್ನು ಏನೂ ಕೇಳಲಿಲ್ಲ. ಕಾಕಾನನ್ನು ಅವರ ಜಾಗದಲ್ಲಿ ಕೂರಿಸಿದರು.

ಬೆಂಗಳೂರಿಗೆ ವಾಪಸ್ ಬಂದ ವಾರ ನಮ್ಮ ಟೀಮಿನ ಹುಡುಗಿಯೊಬ್ಬಳು ರಾಜೀನಾಮೆ ಕೊಟ್ಟಳು. ಎರಡು ವರ್ಷದಿಂದ ರಾತ್ರಿ ಪಾಳಿಯ ಸಪೋರ್ಟ್ ಅವಳದೇ. ಎಕ್ಸಿಟ್ ಇಂಟರ್ವ್ಯೂನಲ್ಲಿ ‘ಒಳ್ಳೆ ಅವಕಾಶ ಸಿಕ್ತು’ ಅಂದಳಂತೆ. ನನಗೆ ‘ಮನ್ಯಾಗ ಕೆಲಸ ಐತಿ’ ಕೇಳಿಸಿತು. ನಮ್ಮ ಮ್ಯಾನೇಜರ್ ಕೆಟ್ಟವರಲ್ಲ, ಪ್ರತಿ ಒನ್ ಆನ್ ಒನ್‌ನಲ್ಲೂ ‘ಎನಿ ಇಶ್ಯೂಸ್?’ ಅಂತ ಕೇಳುತ್ತಾರೆ, ಆಕೆ ಪ್ರತಿ ಸಲ ಇಲ್ಲ ಅನ್ನುತ್ತಿದ್ದಳು. ಆ ರಾತ್ರಿ ಪಾಳಿ ಒಂದೇ ಒಂದು ವಾರ ಯಾವ ಮ್ಯಾನೇಜರೂ ಮಾಡಿದ್ದು ನನಗೆ ಗೊತ್ತಿಲ್ಲ. ಹೊಸಬರಾಗಿ ಸೇರಿದವರಿಗೆ ಮೊದಲ ತಿಂಗಳಲ್ಲಿ ನಮ್ಮ ಪದ್ಧತಿಗಳಲ್ಲಿ ಹತ್ತು ಸಂಗತಿ ವಿಚಿತ್ರವಾಗಿ ಕಾಣುತ್ತವೆ. ಮೂರನೇ ತಿಂಗಳಿಗೆ ಅವರಿಗೂ ರೂಢಿ ಆಗೇತಿ. ಆ ಮೊದಲ ತಿಂಗಳಲ್ಲಿ ಅವರು ಹೇಳೋದನ್ನು ಯಾರಾದರೂ ಬರೆದಿಟ್ಟುಕೊಂಡರೆ ಒಳ್ಳೆಯದು ಅಂತ ಒಂದು ಮೇಲ್ ಹಾಕಿದ್ದೀನಿ. ಥಂಬ್ಸ್ ಅಪ್ ಬಂದಿದೆ.

ಕಾಕಾನ ಗಾಡಿ ಈಗ ಹೇಗಿದೆ ಅಂತ ಕೇಳಿದರೆ, ಕಾಕಾ ಗೊಣಗುತ್ತಾರೆ. ಸಣ್ಣ ಕಲ್ಲುಗಳೆಲ್ಲ ಮೊದಲಿಗಿಂತ ಗಟ್ಟಿಯಾಗಿ ಕೈಗೆ ತಿಳಿಯುತ್ತವಂತೆ, “ಮೊದ್ಲ ಆರಾಮ ಇತ್ತು.” ಅದು ಸುಳ್ಳಲ್ಲ. ಹೊಸ ಶಾಕಪ್ಸರ್ ನಿಧಾನ ವೇಗದಲ್ಲಿ ಬಿಗಿ ಅನ್ನಿಸುತ್ತದೆ. ಹಳೆಯದರ ಜೋಲಾಟವೇ ಅವರಿಗೆ ಆರಾಮದ ಅರ್ಥ ಆಗಿಬಿಟ್ಟಿತ್ತು. ಅಮೀನಗಡದ ಹತ್ತಿರದ ತಿರುವಿನಲ್ಲಿ ಮಾತ್ರ ಮುಖ ಅರಳುತ್ತದಂತೆ, ಜೋಶ್ ಮಷೀನ್ ವಾಪಸ್ ಬಂದಿದೆ.

ಕಾಕು ಜನವರಿಯಲ್ಲಿ ಬನಶಂಕರಿ ಜಾತ್ರೆಗೆ ಹೋಗಿ ಬಂದರು. ಕೌದಿ ಇನ್ನೂ ಸೀಟಿನ ಮೇಲೆಯೇ ಇದೆ. ಹಂಪು ಬಂದಾಗ ಈಗಲೂ ಎರಡು ಬೆರಳು ಮೇಲೇಳುತ್ತಾರಂತೆ. ಫೆಬ್ರವರಿಯಲ್ಲಿ ಕೂಡಲಸಂಗಮಕ್ಕೆ ಕರೆದರೆ ಬರುವುದಿಲ್ಲ ಅಂದರಂತೆ, ಮನೆಯಲ್ಲಿ ಕೆಲಸ ಇದೆ ಅಂತ. ಇದ್ದರೂ ಇರಬಹುದು, ಶೇಂಗಾ ಬಿಡಿಸುವವರು ಬಂದಿದ್ದರು.

ಹೋದ ಭಾನುವಾರ ಅವರೇ ಫೋನ್ ಮಾಡಿದರು. ಮಳೆ, ಕರದಂಟು, ಯಾರದೋ ಕುಬಸ ಎಲ್ಲ ಆದ ಮೇಲೆ, “ಗಾಡ್ಯಾಗ ಬಲಗಡಿ ಹಿಂದ ಏನೋ ಟಕ್ ಟಕ್ ಅಂತೈತಿ. ನಿಮ್ಮ ಕಾಕಾಗ ಹೇಳೀನಿ” ಅಂದರು.

“ಏನಂದ್ರು?”

“ನನಗೇನೂ ಕೇಳ್ಸಂಗಿಲ್ಲ ಅಂದ್ರು. ಬುಧವಾರ ಹೊಂಟಾರ, ನವನಗರಕ್ಕ.”